ಸೀಸನ್ ಮುಗಿಯುವ ಮೊದಲೇ ಜಗಳ ಆಡಿ

ಓದುಗರ ಪತ್ರ: ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತನಾದವನು ನಾನು. ಈಗ ಆರು ತಿಂಗಳಿಗೆಂದು ನ್ಯೂಜೆರ್ಸಿಯಲ್ಲಿ ಮಗನ ಮನೆಗೆ ಬಂದಿದ್ದೇನೆ. ಇಲ್ಲಿ ಭಾನುವಾರ ಬಂತೆಂದರೆ ಅಮೆರಿಕನ್ ಫುಟ್‌ಬಾಲ್. ಮಗನ ಟೀಮ್ ಸೋಲುತ್ತಲೇ ಇದೆ. ಕೋಚನ್ನು ಈಗಲೇ ತೆಗೆಯಬೇಕು ಅಂತ ಅವನು, ತೆಗೆದರೆ ಇನ್ನೂ ಹಾಳಾಗುತ್ತದೆ ಅಂತ ಸೊಸೆ. ಊಟದ ಹೊತ್ತಿಗೂ ಅದೇ ಗಲಾಟೆ. ಮೊನ್ನೆ ಬೇಸತ್ತು, 'ಸೀಸನ್ ಮುಗಿಯಲಿ, ರಿಸಲ್ಟ್ ಬರಲಿ, ಆಮೇಲೆ ಮಾತಾಡಿ' ಅಂದೆ. ಇಬ್ಬರೂ ಸುಮ್ಮನಾದರು. ನಾನು ಹೇಳಿದ್ದು ಸರಿ ತಾನೆ?

ಸಂಪಾದಕರ ಉತ್ತರ: ತಪ್ಪು ಮೇಷ್ಟ್ರೇ. ಮೂವತ್ತು ವರ್ಷ ಕೆಂಪು ಇಂಕು ಹಿಡಿದವರ ಮೇಲೆ ಮೊದಲ ಸಾಲಿನಲ್ಲೇ ಕೆಂಪು ಗೀಟು ಎಳೆಯಬಾರದು, ಗೊತ್ತು. ಊಟದ ಹೊತ್ತಿಗೆ ಕೂಗಾಡಬಾರದು ಅನ್ನುವ ಮಟ್ಟಿಗೆ ನಾನೂ ನಿಮ್ಮ ಕಡೆಯೇ. ಸಾರು ಆರಿಹೋಗುತ್ತದೆ. ಆದರೆ ರಿಸಲ್ಟ್ ಬಂದ ಮೇಲೆ ಮಾತಾಡಿ ಅಂದಿರಲ್ಲ, ಅದನ್ನು ಮಾತ್ರ ಒಪ್ಪಲಾರೆ. ಆಗ ಮಾತಾಡುವುದಕ್ಕೆ ಏನು ಉಳಿದಿರುತ್ತದೆ? ಆಗ ಎಲ್ಲರೂ ಜಾಣರೇ.

ಮಗನ ಟೀಮ್ ಯಾವುದು ಅಂತ ನೀವು ಬರೆದಿಲ್ಲ. ಜೈಂಟ್ಸೋ ಜೆಟ್ಸೋ ಇರಬೇಕು. ಎರಡೂ ಹೆಸರಿಗೆ ನ್ಯೂಯಾರ್ಕ್ ಟೀಮುಗಳು, ಆಡುವುದು ಮಾತ್ರ ನಿಮ್ಮ ನ್ಯೂಜೆರ್ಸಿಯ ಮೆಟ್‌ಲೈಫ್ ಸ್ಟೇಡಿಯಂನಲ್ಲಿ. ಯಾವುದಾದರೂ ಇರಲಿ, ನವೆಂಬರ್ ಹೊತ್ತಿಗೆ ಸೋಲುವ ಟೀಮಿನವರ ಮನೆಗಳಲ್ಲೆಲ್ಲ ಇದೇ ಜಗಳ.

ಆ ಆಟದ ಏರ್ಪಾಡೇ ಹಾಗಿದೆ. ಒಂದು ಟೀಮಿಗೆ ಇಡೀ ಸೀಸನ್ನಿಗೆ 17 ಆಟ. ವಾರಕ್ಕೊಂದು, ನಡುವೆ ಒಂದು ವಾರ ರಜೆ. ಸೆಪ್ಟೆಂಬರಿನಲ್ಲಿ ಶುರುವಾದದ್ದು ಜನವರಿವರೆಗೆ ಎಳೆಯುತ್ತದೆ. 32 ಟೀಮುಗಳಲ್ಲಿ 14 ಮಾತ್ರ ಮುಂದಿನ ಸುತ್ತಿಗೆ, ಅಂದರೆ ಪ್ಲೇಆಫ್‌ಗೆ, ಹೋಗುತ್ತವೆ. ಒಂದು ಆಟ ಮೂರು ಗಂಟೆ ನಡೆದರೂ ಚೆಂಡು ನಿಜವಾಗಿ ಓಡಾಡುವುದು ಹೆಚ್ಚುಕಮ್ಮಿ ಹತ್ತು ಹನ್ನೊಂದು ನಿಮಿಷ. ಉಳಿದದ್ದೆಲ್ಲ ನಿಲ್ಲುವುದು, ಗುಂಪು ಸೇರುವುದು, ಜಾಹೀರಾತು. ಭಾನುವಾರ ಹತ್ತು ನಿಮಿಷ ಆಟ, ಮುಂದಿನ ಆರು ದಿನ ಮಾತು. 1987ರ ಜುಲೈ 1ರಂದು ನ್ಯೂಯಾರ್ಕಿನಲ್ಲಿ ದಿನದ 24 ಗಂಟೆಯೂ ಬರೀ ಆಟದ ಮಾತಿಗೇ ಮೀಸಲಾದ ರೇಡಿಯೋ ಸ್ಟೇಷನ್ ಶುರುವಾಯಿತು. ಜನ ಫೋನ್ ಮಾಡುವುದು, ಬೈಯುವುದು, ಇಡುವುದು. ನೀವು ಬಾಯಿ ಮುಚ್ಚಿಸಿದ್ದು ಮಗ ಸೊಸೆಯನ್ನು ಮಾತ್ರ ಅಲ್ಲ ಮೇಷ್ಟ್ರೇ, ಅಲ್ಲಿಯ ಒಂದು ದೊಡ್ಡ ಕಸುಬನ್ನೇ.

2001ರ ಕಥೆ ಹೇಳುತ್ತೇನೆ, ಕೇಳಿ. ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ಟೀಮಿನ ಕ್ವಾರ್ಟರ್‌ಬ್ಯಾಕ್ ಡ್ರೂ ಬ್ಲೆಡ್ಸೋ. ಕ್ವಾರ್ಟರ್‌ಬ್ಯಾಕ್ ಅಂದರೆ ಚೆಂಡು ಮೊದಲು ಯಾರ ಕೈಗೆ ಬರುತ್ತದೋ ಅವನು, ಟೀಮಿನ ಯಜಮಾನ. ಆ ಮಾರ್ಚಿನಲ್ಲಷ್ಟೇ ಅವನ ಜೊತೆ 10 ವರ್ಷಕ್ಕೆ 10.3 ಕೋಟಿ ಡಾಲರಿನ ಒಪ್ಪಂದ ಆಗಿತ್ತು. ಸೆಪ್ಟೆಂಬರ್ 23ರಂದು ಜೆಟ್ಸ್ ಟೀಮಿನ ಮೋ ಲೂಯಿಸ್ ಗುದ್ದಿದ ಗುದ್ದಿಗೆ ಎದೆಯೊಳಗೆ ರಕ್ತನಾಳ ಹರಿಯಿತು. ಅವನ ಜಾಗಕ್ಕೆ ಬಂದವನು ಹಿಂದಿನ ವರ್ಷದ ಡ್ರಾಫ್ಟಿನಲ್ಲಿ, ಅಂದರೆ ಟೀಮುಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವಾಗ, 199ನೆಯವನಾಗಿ ಆಯ್ಕೆಯಾದ ಹುಡುಗ. ಹೆಸರು ಟಾಮ್ ಬ್ರೇಡಿ.

ನವೆಂಬರ್ ಹೊತ್ತಿಗೆ ಬ್ಲೆಡ್ಸೋ ಹುಷಾರಾದ. ಟೀಮ್ 18ನೇ ತಾರೀಖು ಸೇಂಟ್ ಲೂಯಿಸ್ ರ‍್ಯಾಮ್ಸ್ ಮೇಲೆ ಸೋತು 5 ಗೆಲುವು 5 ಸೋಲಿಗೆ ಬಂದು ನಿಂತಿತು. ಈಗ ಹೇಳಿ, ನೀವಾಗಿದ್ದರೆ ಯಾರನ್ನು ಆಡಿಸುತ್ತಿದ್ದಿರಿ? ಏಟು ತಿಂದು ಮಲಗಿದವನ ಜಾಗ ಕಿತ್ತುಕೊಳ್ಳಬಾರದು ಅಂತ ಒಂದು ಕಡೆ. ಗೆಲ್ಲಿಸುತ್ತಿರುವ ಹುಡುಗನನ್ನು ಯಾಕೆ ಕೂರಿಸುತ್ತೀರಿ ಅಂತ ಇನ್ನೊಂದು ಕಡೆ. ಕೋಚ್ ಬಿಲ್ ಬೆಲಿಚಿಕ್ ಬ್ರೇಡಿಯೇ ಇರಲಿ ಅಂದ. ಆಗ ಆ ಬೆಲಿಚಿಕ್ ಯಾರು? ಹಿಂದಿನ ವರ್ಷ 5 ಗೆದ್ದು 11 ಸೋತವನು. ಅವನ ಮಾತಿಗೆ ತಲೆದೂಗುವುದಕ್ಕೂ ಧೈರ್ಯ ಬೇಕಿತ್ತು.

ಮುಂದಿನದು ನಿಮ್ಮ ಮಗನಿಗೆ ಬಾಯಿಪಾಠ ಇರುತ್ತದೆ. ಉಳಿದ ಆರೂ ಆಟ ಗೆದ್ದರು. ಫೆಬ್ರವರಿಯಲ್ಲಿ ಅದೇ ರ‍್ಯಾಮ್ಸ್ ಟೀಮನ್ನು 20-17ರಿಂದ ಸೋಲಿಸಿ ಸೂಪರ್ ಬೌಲ್, ಅಂದರೆ ಫೈನಲ್, ಗೆದ್ದರು. ಈಗ ಆ ಕಡೆಯವರನ್ನು ಕೇಳಿ ನೋಡಿ, ಆಗ ಬ್ಲೆಡ್ಸೋ ಪರವಾಗಿದ್ದೆ ಅನ್ನುವವರು ಒಬ್ಬರಾದರೂ ಸಿಗುತ್ತಾರಾ? ನನಗೆ ಪ್ರೀತಿ ಇರುವುದು ಅವರ ಮೇಲೇ. ಗೊತ್ತಿದ್ದಷ್ಟರಲ್ಲಿ ಯೋಚಿಸಿ, ಏಟು ತಿಂದವನ ಪರವಾಗಿ ನಿಂತವರು. ಅವರೇನು ದಡ್ಡರಲ್ಲ. ಫೈನಲ್ಲಿಗೆ ಮುಂಚಿನ ಆಟದಲ್ಲಿ ಬ್ರೇಡಿಯ ಕಾಲು ಉಳುಕಿದಾಗ ಪಿಟ್ಸ್‌ಬರ್ಗಿನಲ್ಲಿ ಇಳಿದು, ಟಚ್‌ಡೌನ್ ಎಸೆದು (ಅದು ನಮ್ಮ ಫುಟ್‌ಬಾಲಿನ ಗೋಲಿದ್ದಂತೆ), ಟೀಮನ್ನು ದಡ ಸೇರಿಸಿದವನು ಇದೇ ಬ್ಲೆಡ್ಸೋ. ಇದು ಮಾತ್ರ ಯಾರಿಗೂ ನೆನಪಿರುವುದಿಲ್ಲ.

ಕಾದು ನೋಡಬೇಕು ಅನ್ನುವವರೂ ಗೆಲ್ಲುತ್ತಾರೆ, ಇಲ್ಲ ಅನ್ನುವುದಿಲ್ಲ. ಅದನ್ನು ನಾನೇ ಕಣ್ಣಾರೆ ನೋಡಿದ್ದೇನೆ. 2022ರ ಅಕ್ಟೋಬರಿನಲ್ಲಿ ಡೆಟ್ರಾಯಿಟ್ ಹತ್ತಿರದ ಟ್ರಾಯ್‌ನಲ್ಲಿ ಅಕ್ಕನ ಮಗನ ಮನೆಯಲ್ಲಿದ್ದೆ. ದೀಪಾವಳಿ ಮುಗಿದು ವಾರವಾಗಿತ್ತು. ಡಬ್ಬಿಯ ತಳದಲ್ಲಿ ಚಕ್ಕುಲಿ ಚೂರು. 30ನೇ ತಾರೀಖು ಭಾನುವಾರ, ಅವರ ಲಯನ್ಸ್ ಟೀಮಿಗೂ ಮಯಾಮಿಗೂ ಆಟ. ಅರ್ಧ ಆಟಕ್ಕೆ 27-17ರಿಂದ ಮುಂದಿದ್ದರು. ಇನ್ನರ್ಧದಲ್ಲಿ ಒಂದು ಪಾಯಿಂಟೂ ಬರಲಿಲ್ಲ. 31-27ರಿಂದ ಸೋಲು. ಒಂದು ಗೆಲುವು, ಆರು ಸೋಲು.

ಹುಡುಗ ಚಕ್ಕುಲಿ ಡಬ್ಬಿ ಮುಚ್ಚಿಟ್ಟು ಅಡುಗೆಮನೆಗೆ ಹೋದ. ಫ್ರಿಜ್ಜಿನ ಮೇಲೆ ಊರಿಂದ ತಂದ ಪಂಚಾಂಗದ ಕ್ಯಾಲೆಂಡರ್ ಇತ್ತು. 30ರ ಮನೆಯಲ್ಲಿ ಬಾಲ್‌ಪೆನ್ನಿನಿಂದ ಒತ್ತಿ ಬರೆದ: 'ಕ್ಯಾಂಪ್‌ಬೆಲ್ ಡಿಸೆಂಬರ್ ದಾಟಲ್ಲ.' ಡ್ಯಾನ್ ಕ್ಯಾಂಪ್‌ಬೆಲ್ ಅಂದರೆ ಕೋಚ್. ಎರಡನೇ ವರ್ಷ ನಡೆಯುತ್ತಿತ್ತು. ಅಲ್ಲಿವರೆಗೆ ಒಟ್ಟು 4 ಗೆಲುವು, 19 ಸೋಲು, ಒಂದು ಟೈ. ಹುಡುಗನ ಹೆಂಡತಿ ಪೆನ್ನು ಕಿತ್ತುಕೊಂಡು ಕೆಳಗೆ 'ದಾಟುತ್ತಾರೆ' ಅಂತ ಬರೆದು ಸಹಿ ಹಾಕಿದಳು. ನನ್ನನ್ನೂ ಕರೆದರು. 'ಮಾಮಾ, ನಿಮ್ಮದು?' ಅಂದರು. ಎರಡೂ ಟೀಮಿನ ಹೆಸರು ನೆಟ್ಟಗೆ ಗೊತ್ತಿಲ್ಲದ ನಾನು 'ನೋಡೋಣಪ್ಪ' ಅಂದೆ. ಇವತ್ತಿಗೂ ಆ 'ನೋಡೋಣಪ್ಪ' ನೆನೆಸಿಕೊಂಡರೆ ನಾಚಿಕೆ.

ಅವಳೇ ಗೆದ್ದಳು. ಆ ಟೀಮ್ 9 ಗೆಲುವು 8 ಸೋಲಿನಿಂದ ಸೀಸನ್ ಮುಗಿಸಿತು. ಕೊನೆಯ ಆಟದ ಹೊತ್ತಿಗೆ ಮುಂದಿನ ಸುತ್ತಿನ ದಾರಿ ಮುಚ್ಚಿತ್ತು. ಆದರೂ ಗ್ರೀನ್ ಬೇ ಪ್ಯಾಕರ್ಸ್ ಟೀಮನ್ನು ಅವರದೇ ಅಂಗಳದಲ್ಲಿ ಸೋಲಿಸಿ, ತಮ್ಮ ಜೊತೆಗೆ ಅವರನ್ನೂ ಮನೆಗೆ ಕಳಿಸಿತು. 2024ರ ಜನವರಿಯಲ್ಲಿ ಅದೇ ಕ್ಯಾಂಪ್‌ಬೆಲ್ ಕೈಯಲ್ಲಿ ಡೆಟ್ರಾಯಿಟ್ 32 ವರ್ಷದ ಮೇಲೆ ಮೊದಲ ಪ್ಲೇಆಫ್ ಆಟ ಗೆದ್ದಿತು. ಅವತ್ತು ಫೋನ್ ಮಾಡಿ ಆ ಹಾಳೆ ಇದೆಯಾ ಅಂತ ಕೇಳಿದೆ. 'ಕ್ಯಾಲೆಂಡರ್ ಬಿಸಾಕಿದ್ವಿ ಮಾಮಾ. ಅಕ್ಟೋಬರ್ ಹಾಳೆ ಮಾತ್ರ ಕಿತ್ತು ಫ್ರಿಜ್ಜಿಗೇ ಅಂಟಿಸಿದ್ದಾಳೆ. ದಿನಾ ಹಾಲು ತೆಗೆಯೋವಾಗ ಕಾಣಿಸುತ್ತೆ' ಅಂದ. ಅವನು ಸೋತ. ಆದರೆ ಸೋತಿದ್ದಕ್ಕೆ ಸಾಕ್ಷಿ ಇಟ್ಟುಕೊಂಡಿದ್ದಾನೆ. ನನ್ನ ಹತ್ತಿರ ಏನಿದೆ?

ಸೀಸನ್ ನಡುವೆ ಬಾಯಿ ಬಿಡುವವರಲ್ಲಿ ಒಂದೇ ಒಂದು ಗುಂಪನ್ನು ಮಾತ್ರ ನಾನು ಸಹಿಸಲಾರೆ. ನಮ್ಮ ಟೀಮ್ ಸೋಲಲಿ ಅಂತ ಹರಕೆ ಹೊರುವವರು. ಕಡೆಯ ಸ್ಥಾನಕ್ಕೆ ಬಂದ ಟೀಮಿಗೆ ಮುಂದಿನ ವರ್ಷ ಹೊಸ ಆಟಗಾರರಲ್ಲಿ ಮೊದಲ ಆಯ್ಕೆ ಸಿಗುತ್ತದಲ್ಲ, ಅದಕ್ಕೆ. 1968ರಲ್ಲಿ ಫಿಲಡೆಲ್ಫಿಯಾ ಈಗಲ್ಸ್ ಮೊದಲ 11 ಆಟ ಸೋತಿತ್ತು. ಕೋಚ್ ಜೋ ಕುಹಾರಿಕ್ ತೊಲಗಲಿ ಅಂತ ಜನ ಬ್ಯಾಡ್ಜ್ ಹಾಕಿಕೊಂಡು ಓಡಾಡಿದರು. ಇನ್ನು ಮೂರು ಸೋತರೆ ಕಾಲೇಜಿನ ದೊಡ್ಡ ಆಟಗಾರ ಓ.ಜೆ. ಸಿಂಪ್ಸನ್ ನಮಗೇ ಅಂತ ಲೆಕ್ಕ. ಟೀಮ್ ಎರಡು ಆಟ ಗೆದ್ದುಬಿಟ್ಟಿತು. ಸಿಂಪ್ಸನ್ ಬಫಲೋ ಪಾಲಾದ. ಕೊನೆಯ ಆಟದ ದಿನ, ಡಿಸೆಂಬರ್ 15ರಂದು, ಹಿಮ ತುಂಬಿದ ಅಂಗಳಕ್ಕೆ ಸಾಂತಾಕ್ಲಾಸ್ ವೇಷದವನು ಬಂದರೆ ಅವನಿಗೇ ಹಿಮದ ಉಂಡೆ ಎಸೆದರು. ಪಾಪ, ಅವನೇನು ಮಾಡಿದ್ದ?

ನನ್ನ ನಿಜವಾದ ಸಿಟ್ಟು ಬೇರೆಯವರ ಮೇಲೆ. ಆಟ ಮುಗಿದ ಮೇಲೆ ಹೀಗೆ ಆಡಬೇಕಿತ್ತು ಅನ್ನುವವನನ್ನು ಅಮೆರಿಕದವರು 'ಮಂಡೇ ಮಾರ್ನಿಂಗ್ ಕ್ವಾರ್ಟರ್‌ಬ್ಯಾಕ್' ಅಂತ ಆಡಿಕೊಳ್ಳುತ್ತಾರೆ. ನಮ್ಮಲ್ಲಿ ಅಂಥವರಿಗೆ ಹೆಸರೂ ಇಲ್ಲ, ಕೊರತೆಯೂ ಇಲ್ಲ. 2001ರ ಮಾರ್ಚಿನಲ್ಲಿ ಕೋಲ್ಕತ್ತಾ ಟೆಸ್ಟ್ ನಡೆಯುತ್ತಿತ್ತು. ಭಾರತ 171ಕ್ಕೆ ಆಲೌಟಾಗಿ ಫಾಲೋಆನ್ ಆಡುತ್ತಿತ್ತು. ನಮ್ಮ ಪ್ರೆಸ್ಸಿನ ಹುಡುಗ 'ಇನ್ನು ಮುಗೀತು ಸಾರ್, ದ್ರಾವಿಡ್ ಕೈಲೂ ಆಗಲ್ಲ' ಅಂದ. ಹಿರಿಯರೆಲ್ಲ ಗಂಭೀರವಾಗಿ ಕಾಫಿ ಕುಡಿದರು. ನಾಲ್ಕನೇ ದಿನ ಲಕ್ಷ್ಮಣ್, ದ್ರಾವಿಡ್ ಇಬ್ಬರೂ ಇಡೀ ದಿನ ಔಟಾಗಲಿಲ್ಲ. ಒಬ್ಬರದು 281, ಇನ್ನೊಬ್ಬರದು 180. ಗೆದ್ದ ಸಂಜೆ ಕಾಫಿ ಕುಡಿದವರೆಲ್ಲ 'ನನಗೆ ಗೊತ್ತಿತ್ತು' ಅಂದರು. ಹುಡುಗ ಒಬ್ಬನೇ 'ನಾನು ತಪ್ಪು ಹೇಳಿದ್ದೆ ಸಾರ್' ಅನ್ನುತ್ತಾ ಮೈಸೂರುಪಾಕ್ ಹಂಚಿದ.

ಮದುವೆ ಮಾತುಕತೆಯಲ್ಲಿ ಬಾಯಿ ಬಿಡದೆ ಹೋಳಿಗೆ ತಿಂದು, ಸಂಸಾರ ಮುರಿದ ಮೇಲೆ 'ಹುಡುಗನ ಮುಖ ನೋಡಿದಾಗಲೇ ಅನ್ನಿಸಿತ್ತು' ಅನ್ನುವ ದೊಡ್ಡಪ್ಪಂದಿರು. ಎಲೆಕ್ಷನ್ ರಿಸಲ್ಟಿನ ಸಂಜೆ ಕಾರಣ ಎಣಿಸುವವರು. ಪ್ರಶಸ್ತಿ ಬಂದ ಮೇಲೆ ಪುಸ್ತಕ ಹೊಗಳುವವರು. ನಮ್ಮ ಪತ್ರಿಕೆಗೆ ಬರುವ ವಿಮರ್ಶೆಗಳಲ್ಲೂ ಇಂಥವೇ ಜಾಸ್ತಿ, ಇದನ್ನು ಹೇಳಬಾರದಿತ್ತೇನೋ.

ಮೇಷ್ಟ್ರೇ, ನೀವೂ ಕ್ಲಾಸಿನಲ್ಲಿ ಲೆಕ್ಕ ಕೊಟ್ಟು, ಬೋರ್ಡಿನ ಮೇಲೆ ಉತ್ತರ ಬರೆಯುವ ತನಕ ಪೆನ್ನು ಎತ್ತದ ಹುಡುಗನಿಗೆ ಮಾರ್ಕ್ಸ್ ಕೊಡುತ್ತಿದ್ದಿರಾ? ಮುಂದಿನ ಭಾನುವಾರ ಆಟ ಶುರುವಾಗುವ ಮೊದಲು ಒಂದು ಹಾಳೆ ತೆಗೆದುಕೊಳ್ಳಿ. ಮಗನ ಕೈಲಿ ಒಂದು ಸಾಲು, ಸೊಸೆ ಕೈಲಿ ಒಂದು ಸಾಲು ಬರೆಸಿ. ಕೆಳಗೆ ನಿಮ್ಮದೂ ಒಂದು ಸಾಲು ಇರಲಿ, ತಾರೀಖು ಹಾಕಿ ಸಹಿ ಮಾಡಿ. ಫ್ರಿಜ್ಜಿಗೆ ಅಂಟಿಸಿ ಫೋಟೋ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಹಾಕುತ್ತೇನೆ. ಸೂಪರ್ ಬೌಲ್ ಮುಗಿದ ಮೇಲೆ ಕಳಿಸಿದರೆ ಮಾತ್ರ ಅಚ್ಚು ಹಾಕುವುದಿಲ್ಲ.