ಕ್ಯಾಟಮರನ್ ರೇಸಿನಲ್ಲಿ ಹ್ಯಾಂಡಿಕ್ಯಾಪ್ ಇದ್ದಮೇಲೆ ಪಳಗಿದ ಕೈಗೆ ಏನು ಬೆಲೆ?

ನಿಮ್ಮ ಪ್ರಶ್ನೆಯ ಬುಡದಲ್ಲಿ ಗಾಲ್ಫ್ ಕೂತಿದೆ. ಚಿಕ್ಕಮಗಳೂರಿನ ಗಾಲ್ಫ್ ಮೈದಾನದಲ್ಲಿ ಹೊಸಬನಿಗೆ ಹೆಚ್ಚು ಹ್ಯಾಂಡಿಕ್ಯಾಪ್, ಅಂದರೆ ಲೆಕ್ಕದಲ್ಲಿ ರಿಯಾಯಿತಿ, ಕೊಟ್ಟು ಹಳೇ ಹುಲಿಗಳ ಜೊತೆ ಆಡಿಸೋದನ್ನ ನೋಡಿದ್ದೀರಿ. ಒಬ್ಬರೇ ಓಡಿಸುವ ಕ್ಯಾಟಮರನ್ (ಎರಡೊಡಲಿನ ಹಾಯಿದೋಣಿ) ರೇಸಿನಲ್ಲೂ ಅದೇ ಲೆಕ್ಕವಾದರೆ ಚೆನ್ನಾಗಿ ಓಡಿಸುವವನಿಗೆ ಬಂದ ಭಾಗ್ಯವೇನು ಅಂತ, ಒಂದು ರೇಸಿನ ಫಲಿತಾಂಶದ ಹಾಳೆಯನ್ನೂ ಕಳಿಸಿ ಕೇಳಿದ್ದೀರಿ.

ಗಾಲ್ಫಿನ ಹ್ಯಾಂಡಿಕ್ಯಾಪ್ ಆಟಗಾರನ ಹೆಸರಲ್ಲಿರುತ್ತದೆ, ಹಾಯಿದೋಣಿಯದು ದೋಣಿಯ ಹೆಸರಲ್ಲಿ. ನೀವೂ ನಾನೂ ಒಂದೇ ಮಾದರಿಯ ದೋಣಿ ತಂದರೆ ಇಬ್ಬರಿಗೂ ಒಂದೇ ಹ್ಯಾಂಡಿಕ್ಯಾಪ್ ಅಂಕಿ, ನೀವು ನಿನ್ನೆ ಕಲಿತವರಾದರೂ ಅಷ್ಟೇ. (ಓಡಿಸುವವನಿಗೇ ಹ್ಯಾಂಡಿಕ್ಯಾಪ್ ಕೊಟ್ಟು ರೇಸ್ ಇಡುವ ಕ್ಲಬ್ಬುಗಳೂ ಇವೆ, ಅದು ಬೇರೆ ಲೆಕ್ಕ.)

ನಾನು ಹಾಸನದವನು. ಕೆಲಸದ ಮೇಲೆ ಇಂಗ್ಲೆಂಡಿನಲ್ಲಿದ್ದಾಗ ಅಲ್ಲಿನ ಒಂದು ಜಲಾಶಯದಲ್ಲಿ ಭಾನುವಾರಗಳಂದು ಸ್ಪ್ರಿಂಟ್ 15 ಅನ್ನುವ ಕ್ಯಾಟಮರನ್ ಓಡಿಸುತ್ತಿದ್ದೆ. ನಮ್ಮ ಗೊರೂರು ಹಿನ್ನೀರಿಗಿಂತ ಎಷ್ಟೋ ಚಿಕ್ಕ ನೀರು. ಒಂದೇ ಜಾತಿಯ ದೋಣಿ ಹತ್ತು ಸೇರುವುದೇ ಅಪರೂಪ. ಹಾಗಾಗಿ ಇದ್ದಬದ್ದ ದೋಣಿಗಳನ್ನೆಲ್ಲ ಒಟ್ಟಿಗೆ ಬಿಟ್ಟು, ಆಮೇಲೆ ಕಾಗದದ ಮೇಲೆ ಸಮಯ ಸರಿಮಾಡುತ್ತಾರೆ.

ಬ್ರಿಟನ್ನಿನ ಪೋರ್ಟ್ಸ್‌ಮತ್ ಪದ್ಧತಿಯಲ್ಲಿ ಓಡಿದ ಸಮಯವನ್ನು 1000ದಿಂದ ಗುಣಿಸಿ ದೋಣಿಯ ಅಂಕಿಯಿಂದ ಭಾಗಿಸಬೇಕು. ಅಂಕಿ ಕಡಿಮೆ ಇದ್ದಷ್ಟೂ ದೋಣಿ ಚುರುಕು. ನಿಮ್ಮದು 1000, ನನ್ನದು 1100 ಅಂದುಕೊಳ್ಳಿ. ನೀವು 60 ನಿಮಿಷಕ್ಕೆ ಮುಗಿಸಿ ದಡದಲ್ಲಿ ಟೀ ಕುಡಿಯುತ್ತಿರುವಾಗ ನಾನು 65 ನಿಮಿಷಕ್ಕೆ ಬಂದರೆ ನನ್ನ ಲೆಕ್ಕ 59 ನಿಮಿಷ 5 ಸೆಕೆಂಡ್. ಗೆದ್ದವನು ನಾನು. ಮೊದಲ ಸಲ ಹೀಗೆ ಸೋತಾಗ ಮೋಸ ಅನ್ನಿಸುತ್ತದೆ, ನನಗೂ ಅನ್ನಿಸಿತ್ತು.

ನನ್ನನ್ನು ಹೀಗೆ ವಾರವಾರವೂ ಸೋಲಿಸುತ್ತಿದ್ದವರು ಎಪ್ಪತ್ತು ದಾಟಿದ ಒಬ್ಬ ಹಿರಿಯರು. ಅವರದು ಹಳೇ ಹೋಬಿ 14. ಕ್ಯಾಲಿಫೋರ್ನಿಯಾದ ಹೋಬಿ ಆಲ್ಟರ್ 1960ರ ದಶಕದ ಕೊನೆಯಲ್ಲಿ ಸಮುದ್ರದ ದಂಡೆಯಿಂದ ನೇರ ಅಲೆಗೆ ನುಗ್ಗಲು ರೂಪಿಸಿದ ದೋಣಿ ಅದು. ಅವರ ದೋಣಿಗೆ ಕೊಟ್ಟ ಅಂಕಿ ಉದಾರವಾಯಿತು ಅಂತ ನಾನು ಗೊಣಗುತ್ತಿದ್ದೆ. ಒಂದು ದಿನ ಅವರೇ, ದೋಣಿ ಬದಲಾಯಿಸಿಕೊಳ್ಳೋಣ ಬಾ ಅಂದರು. ನನ್ನ ಸ್ಪ್ರಿಂಟ್ ಅವರ ಕೈಗೆ ಹೋಯಿತು, ಆ ಉದಾರ ಅಂಕಿ ನನ್ನ ಪಾಲಿಗೆ ಬಂತು. ಅವತ್ತೂ ನಾನೇ ಸೋತೆ, ಮೊದಲಿಗಿಂತ ಕೆಟ್ಟದಾಗಿ.

ಸೋತದ್ದು ಎಲ್ಲಿ ಅಂತ ಆಮೇಲೆ ತಿಳಿಯಿತು. ಎರಡೊಡಲಿನ ಹಗುರ ದೋಣಿ ನೇರ ಓಟದಲ್ಲಿ ಹಾರುತ್ತದೆ, ತಿರುವಿನಲ್ಲಿ ಮೊಂಡು ಹಿಡಿಯುತ್ತದೆ. ಗಾಳಿಗೆದುರು ಅಂಕುಡೊಂಕಾಗಿ ಹೋಗುವಾಗ ಒಂದೊಂದು ತಿರುವಿನಲ್ಲೂ ಮೂತಿ ಗಾಳಿಯನ್ನು ದಾಟಬೇಕು. ಮುಂದಿನ ಚಿಕ್ಕ ಹಾಯಿ ಇಲ್ಲದ ದೋಣಿ ಮಧ್ಯದಲ್ಲೇ ನಿಂತುಬಿಡುತ್ತದೆ. ಆಗ ಚುಕ್ಕಾಣಿ ಉಲ್ಟಾ ತಿರುಗಿಸಿ, ಹಿಮ್ಮುಖ ತೇಲಿಸಿ ಬಿಡಿಸಿಕೊಳ್ಳಬೇಕು. ನನಗೆ ಒಂದು ಕೆಟ್ಟ ತಿರುವಿಗೆ ಇಪ್ಪತ್ತು ಸೆಕೆಂಡ್ ಹೋಗುತ್ತಿತ್ತು. ಅಂಥವು ಒಂಬತ್ತಾದರೆ ಮೂರು ನಿಮಿಷ, ಅಂದರೆ ಒಂದು ಗಂಟೆಯ ರೇಸಿನಲ್ಲಿ ಶೇ 5. ಹತ್ತಿರಹತ್ತಿರದ ದೋಣಿಗಳ ಅಂಕಿಗಳ ನಡುವೆ ಅಷ್ಟು ಅಂತರವೇ ಇರುವುದಿಲ್ಲ. ದೋಣಿ ಮಗುಚಿತೋ, ಇನ್ನೂ ಮೂರು ನಿಮಿಷ ಖೋತಾ.

ಒಬ್ಬರೇ ಇದ್ದಾಗ ಮೈಭಾರವೂ ಓಡಿಸುವ ವಿದ್ಯೆಯೇ. ಎ-ಕ್ಲಾಸ್ ಅನ್ನುವ ಒಬ್ಬರ ಕ್ಯಾಟಮರನ್ 5.49 ಮೀಟರ್ ಉದ್ದ, ಕನಿಷ್ಠ ತೂಕ ಬರೀ 75 ಕೆಜಿ. ಅಷ್ಟೇ ತೂಕದ ಆಸಾಮಿ ಹತ್ತಿದರೆ ನೀರಿನ ಮೇಲಿನ ಭಾರದಲ್ಲಿ ಅರ್ಧ ಅವನದೇ. ಅವನು ಒಂದಡಿ ಮುಂದೆ ಸರಿದರೆ ಮೂತಿ ಮುಳುಗೀತು, ಹಿಂದೆ ಸರಿದರೆ ಬಾಲ ನೀರೆಳೆದೀತು. ಇದನ್ನು ಯಾವ ಅಂಕಿಯೂ ತುಂಬಿಕೊಡುವುದಿಲ್ಲ.

ಹಾಗಂತ ಅಂಕಿಗಳೇನು ಶುದ್ಧ ಹಾಲಲ್ಲ. ಪೋರ್ಟ್ಸ್‌ಮತ್ ಅಂಕಿ ಕ್ಲಬ್ಬುಗಳು ಕಳಿಸುವ ರೇಸ್ ಫಲಿತಾಂಶಗಳಿಂದ ಹುಟ್ಟುತ್ತದೆ. ಒಂದು ಮಾದರಿಯನ್ನು ಪಳಗಿದವರೇ ಹೆಚ್ಚಾಗಿ ಓಡಿಸುತ್ತಿದ್ದರೆ ದೋಣಿಯೇ ಚುರುಕು ಅಂತ ಅಂಕಿ ಇಳಿಯಬಹುದು. ಅದೇ ದೋಣಿ ಕೊಂಡ ಹೊಸಬ ಆ ಭಾರ ಹೊರಬೇಕು. ಎಸ್‌ಸಿಎಚ್‌ಆರ್‌ಎಸ್ ಅನ್ನುವ ಸಣ್ಣ ಕ್ಯಾಟಮರನ್‌ಗಳ ಪದ್ಧತಿ ಉದ್ದ, ತೂಕ, ಹಾಯಿಯ ವಿಸ್ತೀರ್ಣ ಅಳೆದು ಸೂತ್ರಕ್ಕೆ ಹಾಕುತ್ತದೆ, ಓಡಿಸಿದವರು ಯಾರು ಅಂತ ಕೇಳುವುದಿಲ್ಲ. ಕ್ಯಾಟಮರನ್ ಮಟ್ಟಿಗೆ ನನಗೆ ಇದೇ ಮೇಲು ಅನ್ನಿಸುತ್ತದೆ.

ಆದರೆ ಗಾಳಿಯ ತಕರಾರು ಅದರಲ್ಲೂ ಉಳಿಯುತ್ತದೆ. ಜೋರುಗಾಳಿಯ ದಿನ ನೀರೊಳಗಿನ ರೆಕ್ಕೆಗಳ ಮೇಲೆ ಎದ್ದು ಹಾರುವ ಫಾಯಿಲ್ ದೋಣಿ, ಮೆಲುಗಾಳಿಯ ದಿನ ಎಲ್ಲರ ಜೊತೆ ತೆವಳುತ್ತದೆ; ಎರಡು ದಿನಕ್ಕೂ ಅಂಕಿ ಒಂದೇ ಆದರೆ ಯಾರಿಗೋ ಒಬ್ಬರಿಗೆ ಅನ್ಯಾಯ. ಅಮೆರಿಕದ ಪೋರ್ಟ್ಸ್‌ಮತ್ ಪಟ್ಟಿಯಲ್ಲಿ ಗಾಳಿಯ ಬಲಕ್ಕೆ ತಕ್ಕಂತೆ ಬೇರೆ ಬೇರೆ ಅಂಕಿ ಇಟ್ಟಿರುವುದು ಇದಕ್ಕೇ. ಇನ್ನು ಕೊನೆಯ ಹತ್ತು ನಿಮಿಷ ಗಾಳಿ ಸತ್ತರೆ ಚುರುಕು ದೋಣಿಗಳು ಆಗಲೇ ದಡ ಸೇರಿರುತ್ತವೆ, ನಿಧಾನದವರು ನೀರಲ್ಲೇ ಕೂತಿರುತ್ತಾರೆ. ಅದು ಹಣೆಬರಹ.

ನೀವು ಕಳಿಸಿದ ಫಲಿತಾಂಶದ ಹಾಳೆಯನ್ನು ಇನ್ನೊಮ್ಮೆ ತೆಗೆದು ನೋಡಿ. ಒಂದೇ ಮಾದರಿಯ ದೋಣಿಗಳನ್ನು ಹುಡುಕಿ, ಅವುಗಳಲ್ಲಿ ಮೊದಲು ಬಂದವನಿಗೂ ಕೊನೆಗೆ ಬಂದವನಿಗೂ ಎಷ್ಟು ನಿಮಿಷದ ಅಂತರ ಅಂತ ಬರೆದುಕೊಳ್ಳಿ. ಆಮೇಲೆ ಅಂಕಿಗಳ ಜಗಳಕ್ಕೆ ಬನ್ನಿ.