ಒಂದೇ ಸೀರಮ್‌ಗೆ ಎರಡು ಎಲಿಸಾ ಕಿಟ್‌ಗಳು ಎರಡು ಬಗೆಯ ಉತ್ತರ ಕೊಟ್ಟರೆ ಯಾವುದನ್ನು ನಂಬಬೇಕು?

ರುಮಟಾಯ್ಡ್ ಸಂಧಿವಾತ ಇರುವವರ ಸೀರಮ್‌ನಲ್ಲಿ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ದ್ರವ) ಒಂದನೇ ಬಗೆಯ ಕೊಲಾಜೆನ್, ಅಂದರೆ ಮೂಳೆಯ ಮುಖ್ಯ ಪ್ರೋಟೀನ್, ಅಳೆಯಲು ಎರಡು ಎಲಿಸಾ ಕಿಟ್ ಬಳಸಿದಿರಿ. ಪ್ರತಿಕಾಯದಿಂದ ಅಣುವನ್ನು ಹಿಡಿದು, ಬರುವ ಬಣ್ಣದಿಂದ ಅದನ್ನು ಅಳೆಯುವುದೇ ಎಲಿಸಾ. ಒಂದರಲ್ಲಿ ಅಂಕಿ ಏರಿತು, ಇನ್ನೊಂದರಲ್ಲಿ ಇಳಿಯಿತು. ಯಾವುದು ಸುಳ್ಳು ಎಂಬುದು ನಿಮ್ಮ ಪ್ರಶ್ನೆ. ಎರಡೂ ನಿಜವಿರಬಹುದು. ಡಬ್ಬಿಯ ಮೇಲೆ ಏನೇ ಬರೆದಿರಲಿ, ಒಳಗಿರುವ ಪ್ರತಿಕಾಯಕ್ಕೆ ಇಡೀ ಕೊಲಾಜೆನ್ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಒಂದು ಚೂರು ಮಾತ್ರ. ಆ ಚೂರು ಯಾವುದು ಎಂದು ಮೊದಲು ಕೈಪಿಡಿಯಲ್ಲಿ ಹುಡುಕಿ.

ಪಿ1ಎನ್‌ಪಿ ಎಂದಿದ್ದರೆ ಅದು ಹೊಸ ಕೊಲಾಜೆನ್ ತಯಾರಾಗುವಾಗ ಕತ್ತರಿಸಿ ಹೋಗುವ ತುದಿ. ಸಿಟಿಎಕ್ಸ್-1 ಎಂದಿದ್ದರೆ ಹಳೆಯ ಮೂಳೆ ಕರಗುವಾಗ ರಕ್ತಕ್ಕೆ ಸೇರುವ ತುಣುಕು. ಒಂದು ಕಟ್ಟುವ ಲೆಕ್ಕ, ಇನ್ನೊಂದು ಕೆಡವುವ ಲೆಕ್ಕ. ಎರಡೂ ಹೊಂದಬೇಕೆಂದು ಕೇಳುವುದೇ ತಪ್ಪು. (ಕೀಲಿನ ದ್ರವಕ್ಕೆ ಲೋಳೆತನ ಕೊಡುವ ಹಯಲುರಾನಿಕ್ ಆಮ್ಲದ ಕಿಟ್‌ಗಳದು ಇನ್ನೊಂದು ತಮಾಷೆ. ಆ ಅಣು ಬೆನ್ನೆಲುಬಿರುವ ಎಲ್ಲ ಪ್ರಾಣಿಗಳಲ್ಲೂ ಒಂದೇ ಆಗಿರುವುದರಿಂದ ಅದರ ವಿರುದ್ಧ ಒಳ್ಳೆಯ ಪ್ರತಿಕಾಯ ಹುಟ್ಟಿಸುವುದು ಕಷ್ಟ. ಹಾಗಾಗಿ ಹೆಚ್ಚಿನ ಕಿಟ್‌ಗಳು ಅದಕ್ಕೆ ಸಹಜವಾಗಿ ಅಂಟುವ ಪ್ರೋಟೀನನ್ನೇ ಬಳಸುತ್ತವೆ.)

ಇನ್ನು ರಕ್ತ ತೆಗೆದ ಹೊತ್ತು. ಸಿಟಿಎಕ್ಸ್-1 ಬೆಳಗಿನ ಜಾವ ಹೆಚ್ಚಿರುತ್ತದೆ, ಊಟವಾದ ಮೇಲೆ ಇಳಿಯುತ್ತದೆ. ನಾನು ಇದರಲ್ಲಿ ಪೆಟ್ಟು ತಿಂದವನು. ರೋಗಿಗಳ ಮಾದರಿಗಳು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ತೆಗೆದವು, ಆರೋಗ್ಯವಂತರವು ಮಧ್ಯಾಹ್ನ ಬಿಡುವಾದಾಗ ತೆಗೆದವು. ಎರಡು ಗುಂಪುಗಳ ನಡುವೆ ಕಂಡ ಸುಂದರ ವ್ಯತ್ಯಾಸಕ್ಕೆ ಒಂದು ತಿಂಗಳು ಹಿಗ್ಗಿದೆವು. ಅಳೆದದ್ದು ರೋಗವನ್ನೋ ಗಡಿಯಾರವನ್ನೋ ಎಂದು ಹೇಳಲಾಗದೆ ಎಲ್ಲವನ್ನೂ ಮತ್ತೆ ಮಾಡಬೇಕಾಯಿತು.

ನಿಮ್ಮ ರೋಗಿಗಳಲ್ಲಿ ನನಗೆ ಹೆಚ್ಚು ಅನುಮಾನ ಹುಟ್ಟಿಸುವುದು ರುಮಟಾಯ್ಡ್ ಫ್ಯಾಕ್ಟರ್, ಅವರಲ್ಲಿ ಹಲವರ ರಕ್ತದಲ್ಲೇ ಇರುವ ಒಂದು ಪ್ರತಿಕಾಯ. ಸ್ಯಾಂಡ್‌ವಿಚ್ ಎಲಿಸಾದಲ್ಲಿ ಎರಡು ಪ್ರತಿಕಾಯಗಳ ನಡುವೆ ನೀವು ಹುಡುಕುವ ಅಣು ಕೂರಬೇಕು. ರುಮಟಾಯ್ಡ್ ಫ್ಯಾಕ್ಟರ್ ಬೇರೆ ಪ್ರತಿಕಾಯಗಳ ಬಾಲಕ್ಕೇ ಅಂಟುವ ಸ್ವಭಾವದ್ದು. ಅದು ಎರಡನ್ನೂ ತಾನೇ ಬೆಸೆದುಬಿಟ್ಟರೆ ನಡುವೆ ಏನೂ ಇಲ್ಲದಿದ್ದರೂ ಬಣ್ಣ ಬರುತ್ತದೆ, 450 ನ್ಯಾನೊಮೀಟರ್‌ನಲ್ಲಿ ಯಂತ್ರವೂ ಅದನ್ನು ಪ್ರಾಮಾಣಿಕವಾಗಿ ಓದುತ್ತದೆ. ಏರಿದ ಅಂಕಿಯನ್ನು ಕೊಟ್ಟ ಕಿಟ್ ಸ್ಯಾಂಡ್‌ವಿಚ್ ಬಗೆಯದೇ? ಹಾಗಿದ್ದರೆ ಅದೇ ಮಾದರಿಯನ್ನು ಎರಡು, ನಾಲ್ಕು, ಎಂಟು ಪಟ್ಟು ತೆಳುಗೊಳಿಸಿ ಓಡಿಸಿ. ಬಂದ ಅಂಕಿಯನ್ನು ತೆಳುಗೊಳಿಸಿದಷ್ಟೇ ಪಟ್ಟು ಗುಣಿಸಿದಾಗ ಹೆಚ್ಚುಕಡಿಮೆ ಒಂದೇ ಉತ್ತರ ಸಿಗಬೇಕು. ಸಿಗದಿದ್ದರೆ ಅಡ್ಡಿಯೊಂದಿದೆ ಎಂದು ಅನುಮಾನಿಸಿ. ಅದೇ ಮಾದರಿಯ ಇನ್ನೊಂದು ಭಾಗಕ್ಕೆ ಇಂಥ ಅಡ್ಡಿಗಳನ್ನು ತಡೆಯುವ ಬ್ಲಾಕರ್ ಸೇರಿಸಿ ನೋಡಿ. ಅಂಕಿ ಧೊಪ್ಪೆಂದು ಬಿದ್ದರೆ ಕಳ್ಳ ಸಿಕ್ಕಿದ. ಜೊತೆಗೆ ಗೊತ್ತಿರುವ ಪ್ರಮಾಣದ ಸ್ಟಾಂಡರ್ಡನ್ನು (ಹೋಲಿಕೆಗೆಂದು ಕಿಟ್‌ನಲ್ಲೇ ಇರುವ ಅಣು) ಸೀರಮ್‌ಗೆ ಬೆರೆಸಿ ಅಳೆಯಿರಿ. ಶೇ. 80ರಿಂದ 120ರಷ್ಟು ಮರಳಿ ಸಿಕ್ಕಿದರೆ ಸಾಮಾನ್ಯವಾಗಿ ಒಪ್ಪುತ್ತಾರೆ.

ಕೀಲಿನ ದ್ರವವನ್ನೂ ಅಳೆಯುವ ಯೋಚನೆಯಿದ್ದರೆ ಅದು ಲೋಳೆ, ಪಿಪೆಟ್‌ಗೆ ಸರಿಯಾಗಿ ಏರುವುದಿಲ್ಲ. ಹಯಲುರಾನಿಕ್ ಆಮ್ಲವನ್ನು ಒಡೆಯುವ ಕಿಣ್ವವಾದ ಹಯಲುರಾನಿಡೇಸ್ ಹಾಕಿ ತೆಳುವಾಗಿಸುವುದು ರೂಢಿ. ಹಯಲುರಾನಿಕ್ ಆಮ್ಲವನ್ನೇ ಅಳೆಯುವ ದಿನ ಮಾತ್ರ ಆ ಶೀಶೆಯನ್ನು ಮುಟ್ಟಬೇಡಿ.

ಈ ಪರೀಕ್ಷೆಗಳಿಗೆ ಪ್ಲೇಟಿನ ಒಂದೆರಡು ಸಾಲು ಖರ್ಚಾಗುತ್ತದೆ. ಉಳಿದ ಮಾದರಿಗಳನ್ನು ಅಲ್ಲಿಯವರೆಗೆ ಫ್ರೀಜರ್‌ನಿಂದ ಹೊರಗೆ ತೆಗೆಯಬೇಡಿ.