ಸಂಪಾದಕರ ಉತ್ತರ: ಎರಡನೆಯ ಗಲ್ಲಾದಲ್ಲಿ ಕೂರುವವರು ಯಾರು?

ಮಾನ್ಯರೇ,

ಸಣ್ಣ ಉದ್ಯಮಗಳ ಬೆಳವಣಿಗೆಯನ್ನು ಕುರಿತ ಸಂಶೋಧನೆಗಳನ್ನು ಪರಿಚಯಿಸಿ ಕಳೆದ ಸಂಚಿಕೆಯಲ್ಲಿ ನಾವು ಪ್ರಕಟಿಸಿದ್ದ ಲೇಖನಕ್ಕೆ ಮುಂಬಯಿಯ ಘಾಟ್‌ಕೋಪರ್‌ನಿಂದ ತಾವು ಬರೆದ ದೀರ್ಘ ಪತ್ರ ತಲುಪಿದೆ. ಪೂರ್ತಿ ಅಚ್ಚು ಹಾಕಲು ಜಾಗವಿಲ್ಲದ ಕಾರಣ ಅದರ ಸಾರವನ್ನಷ್ಟೇ ಇಲ್ಲಿ ಕೊಡುತ್ತೇನೆ. ಒಂದು ದಿನವೂ ಗಲ್ಲಾದಲ್ಲಿ ಕೂರದ ಪ್ರಾಧ್ಯಾಪಕರು ವ್ಯಾಪಾರದ ಬಗ್ಗೆ ಬರೆಯುವುದು ದಂಡ; ಊರಿನಿಂದ ಬರಿಗೈಯಲ್ಲಿ ಬಂದು, ಹಗಲು ತಟ್ಟೆ ತೊಳೆದು, ರಾತ್ರಿ ಶಾಲೆಯಲ್ಲಿ ಕಲಿತು ಹೋಟೆಲ್ ಮಾಲೀಕರಾದ ನಮ್ಮವರ ಬದುಕಿಗಿಂತ ದೊಡ್ಡ ಪಾಠವಿಲ್ಲ; ಬ್ಯಾಂಕುಗಳು ಕಡಿಮೆ ಬಡ್ಡಿಗೆ ಸಾಲ ಕೊಟ್ಟರೆ ಉಳಿದದ್ದು ತಾನಾಗಿ ಆಗುತ್ತದೆ ಎಂಬುದು ತಮ್ಮ ವಾದ. ತಾವು ತಮ್ಮ ಹೋಟೆಲಿನ ಎರಡನೆಯ ಶಾಖೆ ತೆರೆಯಬೇಕೇ ಬೇಡವೇ ಎಂಬುದನ್ನು ಈ ಸಂಶೋಧನೆಗಳು ಹೇಳಬಲ್ಲವೇ ಎಂದು ಕೊನೆಯಲ್ಲಿ ಸವಾಲನ್ನೂ ಹಾಕಿದ್ದೀರಿ.

ಬಂಡವಾಳದ ವಿಷಯದಲ್ಲಿ ತಮ್ಮ ಮಾತು ಅರ್ಧ ಸರಿ. ಶ್ರೀಲಂಕಾದ ಕಳುತರ, ಗಾಲೆ, ಮಾತರ ಜಿಲ್ಲೆಗಳಲ್ಲಿ ಡಿ ಮೆಲ್, ಮೆಕೆಂಜಿ ಮತ್ತು ವುಡ್ರಫ್ ಎಂಬ ಮೂವರು ಅರ್ಥಶಾಸ್ತ್ರಜ್ಞರು ಚೀಟಿ ಎತ್ತಿದಂತೆ ಆಯ್ದ ಕೆಲವು ಸಣ್ಣ ವ್ಯಾಪಾರಿಗಳಿಗೆ ಅಲ್ಲಿನ 10,000 ಅಥವಾ 20,000 ರೂಪಾಯಿಯಷ್ಟು ನಗದನ್ನೋ ಸಾಮಾನನ್ನೋ ಕೊಟ್ಟು, ಸಿಗದವರೊಂದಿಗೆ ಹೋಲಿಸಿ ನೋಡಿದರು. 2008ರಲ್ಲಿ ಪ್ರಕಟವಾದ ಅವರ ಲೆಕ್ಕದ ಪ್ರಕಾರ ಆ ಹಣದ ಮೇಲಿನ ಗಳಿಕೆ ತಿಂಗಳಿಗೆ ಸುಮಾರು ಶೇ. 5, ಅಂದರೆ ಬ್ಯಾಂಕಿನ ಬಡ್ಡಿಗಿಂತ ಬಹಳ ಹೆಚ್ಚು. ಆದರೆ ಆ ಲಾಭವೆಲ್ಲ ಗಂಡಸರ ಅಂಗಡಿಗಳಲ್ಲೇ ಕಂಡಿತು. ಹೆಂಗಸರು ನಡೆಸುವ ಉದ್ಯಮಗಳಲ್ಲಿ ಸರಾಸರಿ ಏರಿಕೆಯೇ ಕಾಣಲಿಲ್ಲ. ಹೈದರಾಬಾದಿನ 104 ಬಡಾವಣೆಗಳಲ್ಲಿ ಅರ್ಧದಷ್ಟರಲ್ಲಿ ಮೊದಲು ಕಿರುಸಾಲದ ಶಾಖೆ ತೆರೆಸಿ, ಉಳಿದವುಗಳೊಂದಿಗೆ ಹೋಲಿಸಿದ ಬ್ಯಾನರ್ಜಿ, ಡಫ್ಲೊ ಮತ್ತಿತರರ ಅಧ್ಯಯನ ಇನ್ನೂ ನಿಷ್ಠುರವಾಗಿದೆ. ಸಾಲದಿಂದ ಲಾಭ ಹೆಚ್ಚಿಸಿಕೊಂಡವರು ಮುಖ್ಯವಾಗಿ ಮೊದಲೇ ಚೆನ್ನಾಗಿ ನಡೆಯುತ್ತಿದ್ದ ವ್ಯಾಪಾರಗಳವರು. ಸಾಮಾನ್ಯ ಕುಟುಂಬದ ಖರ್ಚಿನ ಮಟ್ಟದಲ್ಲಿ ಸರಾಸರಿ ಏರಿಕೆ ಕಾಣಲಿಲ್ಲ. ಸಾಲ ಕೆಟ್ಟದ್ದೆಂದು ಇದರ ಅರ್ಥವಲ್ಲ. ಸಾಲ ಸಿಕ್ಕ ಮೇಲೂ ಉಳಿಯುವ ತೊಡಕು ಯಾವುದೆಂದು ಹುಡುಕಬೇಕಾಗುತ್ತದೆ.

ಇನ್ನು ತಟ್ಟೆ ತೊಳೆದು ಮಾಲೀಕರಾದವರ ಮಾತು. ಅವರ ದುಡಿಮೆಯ ಬಗ್ಗೆ ನನಗೆ ಅಪಾರ ಗೌರವವಿದೆ, ಈ ಪತ್ರಿಕೆಯೇ ಅಂಥವರ ಜಾಹೀರಾತಿನ ಆಸರೆಯಲ್ಲಿ ನಡೆದುಬಂದಿದೆ. ಆದರೆ ಅವರ ಪಕ್ಕದಲ್ಲೇ ನಿಂತು ಅಷ್ಟೇ ತಟ್ಟೆಗಳನ್ನು ತೊಳೆದು, ಅದೇ ರಾತ್ರಿ ಶಾಲೆಗೆ ಹೋಗಿ, ಕೊನೆಗೆ ಊರಿಗೆ ಮರಳಿದವರ ಫೋಟೋ ಯಾವ ಸಂಘದ ಸ್ಮರಣ ಸಂಚಿಕೆಯಲ್ಲೂ ಇರುವುದಿಲ್ಲ. ಗೆದ್ದವರನ್ನಷ್ಟೇ ಕೇಳಿದರೆ ಗೆಲುವಿನ ಕಾರಣ ತಿಳಿಯುವುದಿಲ್ಲ. ಗಲ್ಲಾದಲ್ಲಿ ಕೂರದ ಪ್ರಾಧ್ಯಾಪಕರು ಮಾಡುವ ಕೆಲಸ ಇದೇ: ಸಿಕ್ಕವರ ಜೊತೆಗೆ ಸಿಗದವರನ್ನೂ ಎಣಿಸುವುದು.

ತಮಗೆ ಹತ್ತಿರವೆನಿಸಬಹುದಾದ ಅಧ್ಯಯನ ನಡೆದದ್ದು ನಮ್ಮ ಪಶ್ಚಿಮ ರೈಲ್ವೆಯ ದಾರಿಯಲ್ಲೇ, ತಾರಾಪುರ ಮತ್ತು ಉಂಬರ್‌ಗಾಂವ್‌ನ ಜವಳಿ ಗಿರಣಿಗಳಲ್ಲಿ. ನಿಕೊಲಸ್ ಬ್ಲೂಮ್ ಮತ್ತು ಸಂಗಡಿಗರು 17 ಸಂಸ್ಥೆಗಳ 28 ಘಟಕಗಳನ್ನು ನೋಡಿದರು. ಒಂದೊಂದು ಸಂಸ್ಥೆಯಲ್ಲೂ ಸರಾಸರಿ 270ರಷ್ಟು ಕೆಲಸಗಾರರಿದ್ದುದರಿಂದ ಇವು ತಮ್ಮ ಹೋಟೆಲಿನಷ್ಟು ಚಿಕ್ಕವಲ್ಲ, ಆದರೆ ಎಲ್ಲವೂ ಮನೆತನದ ಉದ್ಯಮಗಳು. ನೂಲು ಎಷ್ಟು ದಾಸ್ತಾನಿದೆ ಎಂಬುದಕ್ಕೆ ಸರಿಯಾದ ಲೆಕ್ಕವಿರಲಿಲ್ಲ. ನೇಯ್ದ ಬಟ್ಟೆಯ ದೋಷಗಳನ್ನು ಹುಡುಕಿ ರಿಪೇರಿ ಮಾಡಲೆಂದೇ ದೊಡ್ಡ ತಂಡವಿತ್ತು, ಆದರೆ ಯಾವ ಮಗ್ಗದಲ್ಲಿ ಯಾವ ದೋಷ ಪದೇ ಪದೇ ಬರುತ್ತಿದೆ ಎಂದು ಬರೆದಿಟ್ಟು ಪರಿಶೀಲಿಸುವ ಪದ್ಧತಿಯಿರಲಿಲ್ಲ. ಕೆಲವು ಘಟಕಗಳಿಗೆ ಐದು ತಿಂಗಳು ಸಲಹೆಗಾರರನ್ನು ಉಚಿತವಾಗಿ ಕೊಟ್ಟು, ದಾಸ್ತಾನು, ದೋಷಗಳ ಲೆಕ್ಕ ಬರೆದಿಡುವಂಥ 38 ರೂಢಿಗಳನ್ನು ಅಭ್ಯಾಸ ಮಾಡಿಸಲು ಯತ್ನಿಸಿದರು. ಮೊದಲ ವರ್ಷದಲ್ಲೇ ಉತ್ಪಾದಕತೆ ಶೇ. 17ರಷ್ಟು ಏರಿತು. ಸುಮಾರು ಒಂಬತ್ತು ವರ್ಷಗಳ ನಂತರ ಮತ್ತೆ ಹೋಗಿ ನೋಡಿದಾಗ ಕಲಿತ ರೂಢಿಗಳಲ್ಲಿ ಹೆಚ್ಚುಕಡಿಮೆ ಅರ್ಧ ಬಿಟ್ಟುಹೋಗಿದ್ದವು. ಮ್ಯಾನೇಜರ್ ಬದಲಾದದ್ದು, ಮಾಲೀಕರಿಗೆ ಪುರುಸೊತ್ತಿಲ್ಲದ್ದು ಮುಖ್ಯ ಕಾರಣಗಳು. ಆದರೂ ಸಲಹೆ ಪಡೆದವರು ಪಡೆಯದವರಿಗಿಂತ ಮುಂದೆಯೇ ಇದ್ದರು.

ಇದೇ ಅಧ್ಯಯನದ ಇನ್ನೊಂದು ಸಂಗತಿ ಉತ್ಪಾದಕತೆಯ ಅಂಕಿಗಿಂತ ಮುಖ್ಯವೆಂದು ನನಗೆ ತೋರುತ್ತದೆ. ಒಂದು ಮನೆತನ ಎಷ್ಟು ಘಟಕಗಳನ್ನು ನಡೆಸುತ್ತದೆ ಎಂಬುದು ನಿರ್ವಹಣೆಯ ಗುಣಮಟ್ಟಕ್ಕಿಂತ ಹೆಚ್ಚಾಗಿ ಆ ಮನೆಯಲ್ಲಿ ಎಷ್ಟು ಜನ ಗಂಡಸರಿದ್ದಾರೆ ಎಂಬುದಕ್ಕೆ ಹೊಂದಿಕೆಯಾಗುತ್ತಿತ್ತು. ಹೊರಗಿನವನು ಕದ್ದರೆ ಕೋರ್ಟಿನಲ್ಲಿ ಬೇಗ ನ್ಯಾಯ ಸಿಗುವ ಭರವಸೆ ಇಲ್ಲದ ಕಡೆ, ತಮ್ಮನೋ ಮಗನೋ ಕೂರಲಾಗದ ಜಾಗಕ್ಕೆ ವ್ಯಾಪಾರ ಹಬ್ಬುವುದಿಲ್ಲ. ಅಮೆರಿಕದಲ್ಲಿ 40 ವರ್ಷ ಹಳೆಯ ಕಾರ್ಖಾನೆ ಹೊಸ ಕಾರ್ಖಾನೆಗಿಂತ ಏಳು ಪಟ್ಟಿಗೂ ಹೆಚ್ಚು ಜನರಿಗೆ ಕೆಲಸ ಕೊಡುತ್ತಿದ್ದರೆ, ಭಾರತದಲ್ಲಿ ಅಷ್ಟು ಕಾಲ ಉಳಿದುಕೊಂಡದ್ದು ಸುಮಾರು ಎರಡು ಪಟ್ಟು ಮಾತ್ರ ಬೆಳೆದಿರುತ್ತದೆ ಎಂದು ಶಿಯೆ ಮತ್ತು ಕ್ಲೆನೋ 2014ರಲ್ಲಿ ತೋರಿಸಿದರು. ಈ ವ್ಯತ್ಯಾಸಕ್ಕೆ ತೆರಿಗೆ, ಕಾನೂನು, ಸಾಗಣೆ ಎಂದು ಹಲವು ಕಾರಣಗಳನ್ನು ಹೇಳಬಹುದು. ನಂಬಿಕೆಯ ಕೊರತೆಯನ್ನು ನಾನು ಮೊದಲಿಡುತ್ತೇನೆ.

ಮುಂಬಯಿಯ ಹೋಟೆಲಿನವರು ಇದಕ್ಕೆ ತಮ್ಮದೇ ಉಪಾಯ ಕಂಡುಕೊಂಡಿದ್ದಾರೆಂಬುದು ತಮಗೆ ನನಗಿಂತ ಚೆನ್ನಾಗಿ ಗೊತ್ತು. ಹೋಟೆಲನ್ನು ಕಂಡಕ್ಟಿಂಗ್‌ಗೆ, ಅಂದರೆ ಕರಾರಿನ ಮೇಲೆ ಬೇರೊಬ್ಬನಿಗೆ ನಡೆಸಲು ಕೊಟ್ಟು, ತಿಂಗಳಿಗೆ ಇಷ್ಟೆಂದು ನಿಗದಿ ಮಾಡಿಕೊಂಡರೆ ದಿನದ ಲೆಕ್ಕ ನೋಡುವ ತಲೆನೋವಿಲ್ಲ, ಕದ್ದರೆ ನಡೆಸುವವನು ತನ್ನದನ್ನೇ ಕದ್ದುಕೊಳ್ಳಬೇಕು. ಆದರೆ ಅವಧಿ ಮುಗಿಯುತ್ತಲೇ ಬಿಟ್ಟುಹೋಗಬೇಕಾದವನು ಅಡುಗೆಮನೆ ಸುಧಾರಿಸಲು, ಹುಡುಗರಿಗೆ ಕೆಲಸ ಕಲಿಸಲು ಯಾಕೆ ಖರ್ಚು ಮಾಡಿಯಾನು? ಹೋಟೆಲುಗಳ ಸಂಖ್ಯೆ ಹೆಚ್ಚಿದರೂ ಒಂದೊಂದೂ ಚಿಕ್ಕದಾಗಿಯೇ ಉಳಿಯುವುದಕ್ಕೆ ಇದೂ ಒಂದು ಕಾರಣವಿರಬಹುದೆಂದು ನನ್ನ ಊಹೆ.

ತಮ್ಮ ಸವಾಲಿಗೆ ನೇರ ಉತ್ತರ: ಇಲ್ಲ, ಹೇಳಲಾರವು. ಈ ಅಧ್ಯಯನಗಳಲ್ಲಿ ಇರುವುದು ಸರಾಸರಿಯ ಮಾತು, ತಮ್ಮ ಹೋಟೆಲ್ ಸರಾಸರಿಯಲ್ಲ. ಆದರೂ ಸಾಲದ ಅರ್ಜಿ ಹಾಕುವ ಮುನ್ನ, ಮನೆಯವರಾರೂ ಗಲ್ಲಾದಲ್ಲಿ ಕೂರದೆ ಈಗಿನ ಹೋಟೆಲನ್ನು ಒಂದು ತಿಂಗಳು ಮ್ಯಾನೇಜರ ಕೈಗೆ ಬಿಟ್ಟು, ತರಕಾರಿ, ಹಾಲು, ಗ್ಯಾಸಿನ ಖರ್ಚನ್ನು ಹಿಂದಿನ ತಿಂಗಳಿನದರ ಜೊತೆ ಹೋಲಿಸಿ ನೋಡಬಹುದು. ಕಂಡಕ್ಟಿಂಗ್ ಕರಾರುಗಳ ಒಳಹೊರಗನ್ನು, ಮುಖ್ಯವಾಗಿ ಅರ್ಧಕ್ಕೇ ಮುರಿದುಬಿದ್ದವುಗಳನ್ನು, ಹೆಸರುಗಳನ್ನು ಬಿಟ್ಟು ತಾವೇ ಬರೆದು ಕಳಿಸಿದರೆ ಮುಂದಿನ ಸಂಚಿಕೆಯಲ್ಲಿ ಅದಕ್ಕೆ ನಾಲ್ಕು ಪುಟ ಕಾದಿರಿಸುತ್ತೇನೆ.

ಸಂಪಾದಕ